ಬೆಳಗಾಗುವ ತನಕ ಇದ್ದ ಸಿಸ್ಟರಮ್ಮನವರಿಗೆ

ನಮ್ಮ ಮಗಳಿಗೆ ಈ ವಾರ ಒಂದು ವರ್ಷ ತುಂಬಿತು. ಹೆರಿಗೆಯ ಸಮಯದಲ್ಲಿ ನನ್ನ ಹೆಂಡತಿಗೆ ಏನಾಯಿತು, ಯಾದಗಿರಿಯಿಂದ ಕಲಬುರಗಿಗೆ ರಾತ್ರೋರಾತ್ರಿ ಏಕೆ ಹೋಗಬೇಕಾಯಿತು ಎಂಬುದು ಬಂಧುಗಳಿಗೂ ಗೆಳೆಯರಿಗೂ ತಿಳಿದ ಸಂಗತಿಯಾದ್ದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ತಾಯಿ ಮಗಳಿಬ್ಬರೂ ಚೆನ್ನಾಗಿದ್ದಾರೆ. ಈ ನಾಲ್ಕು ಮಾತನ್ನು ಬರೆಯಲು ಇಷ್ಟು ತಡವಾದದ್ದಕ್ಕೆ ಕಾರಣ ನನ್ನ ಅತ್ತೆಯವರು; ಕೂಸಿಗೆ ವರ್ಷ ತುಂಬುವವರೆಗೆ ಅದರ ವಿಷಯವಾಗಿ ಊರಿಗೆಲ್ಲ ಕಾಣುವಂತೆ ಏನನ್ನೂ ಬರೆಯಕೂಡದು, ದೃಷ್ಟಿಯಾಗುತ್ತದೆ ಎಂದು ಅವರು ಹೇಳಿದ್ದರು. ಅವರ ಮಾತನ್ನು ಮೀರುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಕರೆದ ಕೂಡಲೇ ಬಂದು ರಕ್ತ ಕೊಟ್ಟ ನಮ್ಮ ಶಾಲೆಯ ಸಹೋದ್ಯೋಗಿಗಳು, ಅವರು ಕರೆತಂದ ಮತ್ತು ಹೆಸರು ಕೇಳುವ ಮೊದಲೇ ಹೊರಟುಹೋದ ಹುಡುಗರು, 108 ಆಂಬುಲೆನ್ಸಿನ ಚಾಲಕರು, ಆಸ್ಪತ್ರೆಯ ವೈದ್ಯರು ಮತ್ತು ದಾದಿಯರು, ಬಾಣಂತನದ ದಿನಗಳಲ್ಲಿ ನನ್ನ ತರಗತಿಗಳನ್ನು ಹಂಚಿಕೊಂಡ ಶಿಕ್ಷಕರು, ಲೆಕ್ಕ ಕೇಳದೆ ಹಣ ಕೊಟ್ಟ ಭಾವನವರು, ಇವರೆಲ್ಲರಿಗೂ ನಮ್ಮ ಮನೆಯವರೆಲ್ಲರ ಕೈಮುಗಿದ ವಂದನೆಗಳು. ಇವರನ್ನೆಲ್ಲ ಒಂದೇ ವಾಕ್ಯದಲ್ಲಿ ಕೂಡಿಸಿದ್ದಕ್ಕೆ ಯಾರೂ ಬೇಸರಿಸಿಕೊಳ್ಳುವುದಿಲ್ಲವೆಂಬ ನಂಬಿಕೆ ನನಗಿದೆ, ಏಕೆಂದರೆ ಉಳಿದ ಬರಹ ಯಾರಿಗೆ ಸಲ್ಲಬೇಕೆಂಬುದು ಇವರಿಗೆಲ್ಲ ಗೊತ್ತು.

ಅವರ ಹೆಸರನ್ನು ಬರೆಯಬಾರದೆಂದು ಅವರೇ ಕಟ್ಟಪ್ಪಣೆ ಮಾಡಿದ್ದಾರೆ. ನಮ್ಮ ಓಣಿಯಲ್ಲಿ ಎಲ್ಲರೂ ಕರೆಯುವಂತೆ ನಾನೂ ಸಿಸ್ಟರಮ್ಮ ಎಂದೇ ಬರೆಯುತ್ತೇನೆ. ಮಿಶನರಿ ಹೆಂಗಸು ಎಂದರೆ ಹಡಗಿನಿಂದಿಳಿದು ಬಂದ ಬಿಳಿಯ ಮೇಡಮ್ಮನವರನ್ನು ಕಣ್ಣಮುಂದೆ ತಂದುಕೊಳ್ಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ನಮ್ಮ ಸಿಸ್ಟರಮ್ಮ ಬೀದರ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಮಿಶನ್ನಿನ ಬೋರ್ಡಿಂಗ್ ಶಾಲೆಯಲ್ಲಿ ಓದಿ, ವೆಲ್ಲೂರಿನಲ್ಲಿ ದಾದಿಯ ತರಬೇತಿ ಪಡೆದು, ಮರಳಿ ಈ ಬಿಸಿಲು ನಾಡಿಗೇ ಬಂದವರು. ಮದುವೆಯಾಗಲಿಲ್ಲ. ಕೆಲಸದಲ್ಲಿದ್ದಷ್ಟು ಕಾಲವೂ ಮಿಶನ್ ಆಸ್ಪತ್ರೆಯ ಹೆರಿಗೆ ವಾರ್ಡು ಮತ್ತು ಜೀಪು ಹೋಗುವ ಹಳ್ಳಿಗಳು, ಅದು ಮುಗಿದ ಮೇಲೆ ನಮ್ಮ ಓಣಿಯ ಎರಡು ಕೋಣೆಯ ಮನೆ, ಇಷ್ಟೇ ಅವರ ಸಂಸಾರ. ಎಪ್ಪತ್ತು ದಾಟಿದ ಮೇಲೂ ಸಂಜೆಯಾದರೆ ಬಿಪಿ ನೋಡಿಸಿಕೊಳ್ಳುವವರು ಅವರ ಕಟ್ಟೆಯ ಮೇಲೆ ಕುಳಿತಿರುತ್ತಾರೆ.

ಆ ದಿನ ಸಂಜೆ ನನ್ನ ಹೆಂಡತಿಯ ಮುಖವನ್ನು ನೋಡಿ, ಪಾದದ ಬಾವನ್ನು ಬೆರಳಿನಿಂದ ಒತ್ತಿ, ಬಿಪಿ ಯಂತ್ರ ಕಟ್ಟಿ, ಬೆಳಗಿನ ತನಕ ಕಾಯೋಣವೆಂದ ಹಿರಿಯರ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಆಂಬುಲೆನ್ಸಿಗೆ ಫೋನ್ ಮಾಡಿಸಿದವರು ಸಿಸ್ಟರಮ್ಮ. ಉಟ್ಟ ಸೀರೆಯಲ್ಲೇ ಹತ್ತಿ ಕುಳಿತರು. ಯಾದಗಿರಿಯ ಆಸ್ಪತ್ರೆಯಲ್ಲಿ ಸೂಜಿಮದ್ದು ಕೊಟ್ಟು ಕಲಬುರಗಿಗೆ ಕಳಿಸಿದ ಮೇಲೆ ನಾಲವಾರ, ವಾಡಿ, ಶಹಾಬಾದ ದಾಟುವವರೆಗೂ ಅವರು ಅವಳನ್ನು ಎಡಮಗ್ಗುಲಿಗೆ ಮಲಗಿಸಿ ಹಿಡಿದುಕೊಂಡಿದ್ದರು. ರಸ್ತೆಯ ತಗ್ಗು ಬಂದಾಗಲೆಲ್ಲ ತಮ್ಮ ಮೊಣಕಾಲನ್ನು ಅವಳ ಬೆನ್ನಿಗೆ ಆನಿಸುತ್ತಿದ್ದರು. ಕಲಬುರಗಿಯಲ್ಲಿ ಆ ರಾತ್ರಿಯ ಪಾಳಿಯಲ್ಲಿದ್ದ ಹಿರಿಯ ದಾದಿಯೊಬ್ಬರು ಅವರ ಕೈಕೆಳಗೆ ಕೆಲಸ ಕಲಿತವರೇ ಆಗಿದ್ದರಿಂದ ಸಿಸ್ಟರಮ್ಮನಿಗೆ ಒಳಗೆ ಹೋಗಿಬರಲು ಅಡ್ಡಿಯಾಗಲಿಲ್ಲ. ಬೆಳಗಾಗುವವರೆಗೆ ಅವರು ಕುಳಿತದ್ದನ್ನು ನಾನು ನೋಡಲಿಲ್ಲ.

ನನಗೆ ಇಂದಿಗೂ ದೊಡ್ಡದಾಗಿ ಕಾಣುವುದು ಅವರು ಆಡದೆ ಬಿಟ್ಟ ಒಂದು ಮಾತು. ಫೋನಿನಲ್ಲಿಯೂ ವರಾಂಡದಲ್ಲಿಯೂ ಎಲ್ಲರೂ ನನಗೆ ಏನೂ ಆಗುವುದಿಲ್ಲ, ಧೈರ್ಯವಾಗಿರು ಎನ್ನುತ್ತಿದ್ದರು. ಸಿಸ್ಟರಮ್ಮ ಒಮ್ಮೆಯೂ ಹಾಗೆನ್ನಲಿಲ್ಲ. ಆಗಾಗ ಬಾಗಿಲಿಗೆ ಬಂದು, "ತಮ್ಮಾ, ಬಿಪಿ ಇನ್ನಾ ಇಳಿದಿಲ್ಲ. ಔಷಧ ಹೊಂಟದ. ನೀ ಎದ್ದು ನೀರು ಕುಡಿ" ಎಂದು ಇದ್ದದ್ದನ್ನು ಇದ್ದಂತೆ ಹೇಳಿ ಒಳಗೆ ಹೋಗುತ್ತಿದ್ದರು. ಸುಳ್ಳು ಸಮಾಧಾನದಿಂದ ಮನಸ್ಸು ಇನ್ನಷ್ಟು ಹೆದರುತ್ತದೆ, ನಿಜವಾದ ಸುದ್ದಿ ಕೆಟ್ಟದ್ದಾದರೂ ಅದರ ಮೇಲೆ ಕಾಲೂರಿ ನಿಲ್ಲಬಹುದು ಎಂಬುದನ್ನು ನಾನು ಆ ಬಾಗಿಲಿನ ಮುಂದೆ ಕಲಿತೆನು.

ಇಷ್ಟು ಬರೆದವನು ಇನ್ನೊಂದನ್ನು ಮುಚ್ಚಿಡಬಾರದು. ಕಾಗದಗಳಿಗೆ ಸಹಿ ಮಾಡಿಸಿಕೊಂಡ ಹೊತ್ತಿನಲ್ಲಿ ನನಗೆ ಮಗು ಬೇಕಾಗಿರಲಿಲ್ಲ. ಅವಳೊಬ್ಬಳು ಉಳಿದರೆ ಸಾಕು, ಮಗು ಹೋದರೆ ಹೋಗಲಿ ಎಂದು ನಾನು ಸಿಸ್ಟರಮ್ಮನವರ ಮುಂದೆ ಬಾಯಿಬಿಟ್ಟು ಹೇಳಿದೆ. ಹೇಳಿ ಗೋಡೆಗೆ ಹಣೆ ಹಚ್ಚಿ ಅತ್ತೆ. ನನ್ನ ಮಗಳು ದೊಡ್ಡವಳಾಗಿ ಇದನ್ನು ಓದಿದರೆ ಓದಲಿ. ಸಿಸ್ಟರಮ್ಮ ನನ್ನನ್ನು ಬೈಯಲಿಲ್ಲ, ದೇವರ ಮಾತನ್ನೂ ತೆಗೆಯಲಿಲ್ಲ. "ಇಬ್ಬರನ್ನೂ ನೋಡ್ಲಿಕತ್ತಾರ, ತಮ್ಮಾ" ಎಂದಷ್ಟೇ ಹೇಳಿ ನನ್ನ ಭುಜದ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟಿದ್ದರು. ಬೆಳಕು ಹರಿಯುವಾಗ ಹೊರಗೆ ಬಂದವರು ಮಗಳ ಸುದ್ದಿಗಿಂತ ಮೊದಲು, ತಾಯಿಗೆ ಇನ್ನೂ ಎಚ್ಚರವಾಗಿಲ್ಲ, ಆದರೆ ಉಸಿರು ಚೆನ್ನಾಗಿದೆ ಎಂಬುದನ್ನು ಹೇಳಿದರು. ನಾನು ಯಾವುದನ್ನು ಮೊದಲು ಕೇಳಲು ಕಾದಿದ್ದೇನೆಂಬುದು ಅವರಿಗೆ ಗೊತ್ತಿತ್ತು.

ವಾರ್ಡಿಗೆ ಬಂದ ಮೇಲೆ ಒಂದು ಮಧ್ಯಾಹ್ನ ನನ್ನ ಹೆಂಡತಿ, ಈ ಕೆಲಸವನ್ನೇ ಏಕೆ ಹಿಡಿದಿರಿ ಎಂದು ಅವರನ್ನು ಕೇಳಿದಳು. ಅವರು ತಮ್ಮ ಕತೆಯನ್ನು ಬಿಟ್ಟು ವೆಲ್ಲೂರಿನ ಡಾ. ಐಡಾ ಸ್ಕಡರ್ ಅವರ ಕತೆಯನ್ನು ಹೇಳಿದರು. ನಾನು ಮೇಷ್ಟ್ರಾದ್ದರಿಂದ ಅನಂತರ ಇಸವಿಗಳನ್ನು ಓದಿ ತಿಳಿದುಕೊಂಡೆ. ಐಡಾ 1870 ರಲ್ಲಿ ರಾಣಿಪೇಟೆಯಲ್ಲಿ ಅಮೆರಿಕದ ಮಿಶನರಿ ಕುಟುಂಬದಲ್ಲಿ ಹುಟ್ಟಿದವರು. ಅಜ್ಜ, ತಂದೆ ಇಬ್ಬರೂ ವೈದ್ಯರು. ಆದರೆ ಆಕೆಗೆ ಮಿಶನರಿಯಾಗುವ ಮನಸ್ಸೇ ಇರಲಿಲ್ಲ. ಅಮೆರಿಕದಲ್ಲಿ ಓದು ಮುಗಿಸಿ, ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲೆಂದು 1890 ರಲ್ಲಿ ತಿಂಡಿವನಕ್ಕೆ ಬಂದಿದ್ದರು. ಅಲ್ಲಿ ಒಂದೇ ರಾತ್ರಿ ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಇನ್ನೊಬ್ಬ ಮೇಲ್ಜಾತಿಯ ಹಿಂದೂ, ಒಬ್ಬರ ಹಿಂದೊಬ್ಬರಂತೆ ಬಂದು ಹೆರಿಗೆ ನೋವಿನಲ್ಲಿದ್ದ ತಮ್ಮ ಎಳೆಯ ಹೆಂಡಿರನ್ನು ಉಳಿಸಿಕೊಡಿರೆಂದು ಕೇಳಿದರು. ತಂದೆ ವೈದ್ಯರು, ಅವರು ಬರುತ್ತಾರೆ ಎಂದರೆ ಮೂವರೂ ಒಪ್ಪಲಿಲ್ಲ. ಗಂಡಸು ಮುಟ್ಟಕೂಡದು, ನೀನೇ ಬಾ ಎಂದರು. ಐಡಾಗೆ ವೈದ್ಯ ತಿಳಿಯದು. ಬೆಳಗಾಗುವುದರೊಳಗೆ ಮೂವರು ಹೆಣ್ಣುಮಕ್ಕಳೂ ತೀರಿಕೊಂಡಿದ್ದರು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಆ ರಾತ್ರಿಯಲ್ಲೇ ನಿಂತುಬಿಡುತ್ತಾರೆ. ನನ್ನ ಮನಸ್ಸು ನಿಂತದ್ದು ಅದರ ನಂತರದ ಹತ್ತು ವರ್ಷಗಳಲ್ಲಿ. ಅತ್ತು ಸುಮ್ಮನಾಗದೆ, ಆಕೆ ಮರಳಿ ಹೋಗಿ ವೈದ್ಯಶಾಸ್ತ್ರ ಓದಿ, 1899 ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪದವಿ ಪಡೆದು, 1900 ರಲ್ಲಿ ವೆಲ್ಲೂರಿಗೆ ಬಂದರು. ತಂದೆ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಒಂದೇ ಹಾಸಿಗೆಯ ಚಿಕ್ಕ ದವಾಖಾನೆಯಿಂದ ಆರಂಭಿಸಿ, 1902 ರಲ್ಲಿ ನಲವತ್ತು ಹಾಸಿಗೆಗಳ ಆಸ್ಪತ್ರೆ, 1909 ರಲ್ಲಿ ದಾದಿಯರ ಶಾಲೆ, 1918 ರಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ. ದಾದಿಯರ ಶಾಲೆ ಮೊದಲು ಬಂದದ್ದನ್ನು ಹೇಳುವಾಗ ಸಿಸ್ಟರಮ್ಮನವರ ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು: "ಮೊದ್ಲ ನಾವು, ಆಮ್ಯಾಗ ಡಾಕ್ಟರು!" ಐಡಾ 1960 ರಲ್ಲಿ ಕೊಡೈಕೆನಾಲಿನಲ್ಲಿ ತೀರಿಕೊಂಡರು. ಆಕೆ ಕಟ್ಟಿದ ಶಾಲೆಯಲ್ಲಿ ಬೀದರದ ಹುಡುಗಿಯೊಬ್ಬಳು ಪಾದದ ಬಾವನ್ನು ಒತ್ತಿ ನೋಡಲು ಕಲಿತಳು, ಆ ಬೆರಳು ನನ್ನ ಹೆಂಡತಿಯ ಪಾದದ ಮೇಲೆ ಬಿತ್ತು. ನಾನು ಇದಕ್ಕಿಂತ ಹೆಚ್ಚು ವಿವರಿಸಲಾರೆ.

ಕೆಲವು ಬಂಧುಗಳು ಆಗ ಒಂದು ಪ್ರಶ್ನೆ ಕೇಳಿದ್ದರು: ಇಷ್ಟೆಲ್ಲ ಮಾಡುತ್ತಿದ್ದಾರಲ್ಲ, ನಾಳೆ ಇದಕ್ಕೆ ಏನು ಕೇಳುತ್ತಾರೋ, ಎಂದು. ಉತ್ತರವನ್ನು ಬಹಿರಂಗವಾಗಿಯೇ ಕೊಡುತ್ತೇನೆ. ಆ ರಾತ್ರಿ ಅತ್ತೆಯವರು ಶರಣಬಸವೇಶ್ವರನಿಗೆ ಹರಕೆ ಹೊತ್ತು ವಿಭೂತಿ ಹಿಡಿದು ಕುಳಿತಿದ್ದರು. ಪಕ್ಕದ ಬೆಂಚಿಗೆ ಬಂದ ಸಿಸ್ಟರಮ್ಮ, "ನಾನೂ ಪ್ರಾರ್ಥನೆ ಮಾಡ್ಲೇನ್ರಿ ಅಕ್ಕಾ?" ಎಂದು ಅವರನ್ನು ಕೇಳಿ, ಅವರು ತಲೆಯಾಡಿಸಿದ ಮೇಲೆ ಕಣ್ಣುಮುಚ್ಚಿದರು. ಐದನೆಯ ತಿಂಗಳಿಗೆ ಕೂಸು ಗುಂಡಗಾದಾಗ, ಹರಕೆ ಇನ್ನೂ ಮುಟ್ಟಿಸಿಲ್ಲವೆಂದು ನೆನಪಿಸಿ ನಮ್ಮನ್ನು ಕಲಬುರಗಿಯ ಗುಡಿಗೆ ಕಳಿಸಿದವರೂ ಅವರೇ. ಅವರ ಸೇವೆಗೆ ಅವರ ನಂಬಿಕೆಯೇ ಬೇರು. ಅದನ್ನು ಬದಿಗಿಟ್ಟು ಬರೀ ಮಾನವೀಯತೆ ಎಂದು ಹೊಗಳಿದರೆ ಅವರಿಗೆ ಅನ್ಯಾಯವಾಗುತ್ತದೆ ಎಂದು ನಾನು ತಿಳಿದಿದ್ದೇನೆ. ಪ್ರತಿ ಭಾನುವಾರ ಚರ್ಚಿಗೆ ಹೋಗಿ ಬರುವ ಹೆಂಗಸು ನಮ್ಮ ಮನೆಯ ಜಗುಲಿಗೆ ಎಷ್ಟು ಹಗುರವಾಗಿ ಬಂದು ಹೋಗುತ್ತಾರೆಂಬುದನ್ನು ನೋಡಿದವರು ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ.

ಹುಟ್ಟುಹಬ್ಬಕ್ಕೆ ಅವರಿಗೊಂದು ಇಳಕಲ್ ಸೀರೆ ತಂದಿದ್ದೆವು. ತಮ್ಮ ಹತ್ತಿರ ಸೀರೆ ಇವೆಯೆಂದು ಅದನ್ನು ನನ್ನ ಅತ್ತೆಯವರಿಗೇ ಉಡಿಸಿದರು. ಈ ಬರಹಕ್ಕೆ ಒಪ್ಪಿಗೆ ಕೊಡುವಾಗ ಮಾತ್ರ ಒಂದು ಕರಾರು ಹಾಕಿದ್ದಾರೆ: ತಿಂಗಳ 9 ನೇ ತಾರೀಖಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅದನ್ನು ತಪ್ಪಿಸಬಾರದು, ಕಬ್ಬಿಣಾಂಶದ ಗುಳಿಗೆಗಳನ್ನು ಅಡುಗೆಮನೆಯ ಮಾಡದಲ್ಲಿ ಇಟ್ಟು ಮರೆಯಬಾರದು, ಮುಖ ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ಬೆಳಗಿನ ತನಕ ಕಾಯಬಾರದು ಎಂಬುದನ್ನು ನಾನು ಬರೆಯಬೇಕು. ಬರೆದಿದ್ದೇನೆ. ಪ್ರತಿ ತಿಂಗಳೂ ಆ ದಿನ ಅವರು ಓಣಿಯ ಹೆಣ್ಣುಮಕ್ಕಳನ್ನು ಆಟೋದಲ್ಲಿ ಕೂಡಿಸಿಕೊಂಡು ಆಸ್ಪತ್ರೆಗೆ ಹೋಗುತ್ತಾರೆ. ಇನ್ನು ಮುಂದೆ ಆ ಆಟೋದ ಬಾಡಿಗೆ ನನ್ನದೆಂದು ಹೇಳಿದಾಗ, ಸ್ವಲ್ಪ ಹೊತ್ತು ಯೋಚಿಸಿ, "ಆತು, ಕೊಡು" ಎಂದರು. ನಮ್ಮಿಂದ ಅವರು ಈವರೆಗೆ ತೆಗೆದುಕೊಂಡಿರುವುದು ಅದೊಂದನ್ನೇ.