ಟ್ರೈನಿಂಗ್ ಆಮೇಲೆ, ಮೊದಲು ರಿಜಿಸ್ಟರ್ ತೆಗಿ

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಗಾರ್ಮೆಂಟ್ಸ್ ಯೂನಿಟ್‌ನ ಪೂರ್ತಿ ಹೊಣೆ ನಿನಗೇ ಕೊಟ್ಟಿದ್ದಾರೆ ಅಂತ ಕೇಳಿ ಖುಷಿಯಾಯ್ತು. ಹೆಣ್ಣುಮಕ್ಕಳು ಟೈಲರ್ ಆಗೇ ಉಳಿದುಬಿಡ್ತಾರೆ, ಏನು ಓದಲಿ, ಯಾವ ಟ್ರೈನಿಂಗ್ ಕೊಡಿಸಲಿ ಅಂತ ಕೇಳಿದ್ದೀಯ. ಟ್ರೈನಿಂಗ್ ಸದ್ಯಕ್ಕೆ ಬಿಡು. ಒಂದು ಭಾಷಣ, ಒಂದು ಊಟ, ಒಂದು ಗ್ರೂಪ್ ಫೋಟೋ. ಮಾರನೇ ದಿನ ಎಲ್ಲ ಯಥಾಪ್ರಕಾರ.

ಪುಸ್ತಕ ಎರಡು ಸಾಕು. ಅರ್ಥಶಾಸ್ತ್ರಜ್ಞೆ ಐರಿಸ್ ಬೋನೆಟ್ ಅವರ ‘ವಾಟ್ ವರ್ಕ್ಸ್’ 2016ರಲ್ಲಿ ಬಂದದ್ದು. ಜನರ ಮನಸ್ಸು ತಿದ್ದೋದಕ್ಕಿಂತ ಆಯ್ಕೆಯ ಪದ್ಧತಿ ತಿದ್ದೋದು ಸುಲಭ ಅನ್ನೋದು ಅವರ ವಾದ. ಬಡ್ತಿಯ ಸಂದರ್ಶನದಲ್ಲಿ ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮದಲ್ಲಿ ಕೇಳು, ಪ್ರತಿ ಉತ್ತರಕ್ಕೂ ಅಲ್ಲೇ ಅಂಕ ಹಾಕಿಸು. ‘ಮದುವೆ ಯಾವಾಗಮ್ಮ?’ ಅನ್ನೋದಕ್ಕೆ ಆ ಹಾಳೆಯಲ್ಲಿ ಜಾಗ ಇರಬಾರದು. ಇನ್ನೊಂದು, 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ‘ಕರಿಯರ್ ಅಂಡ್ ಫ್ಯಾಮಿಲಿ’. ಅದು ಅಮೆರಿಕದ ಪದವೀಧರೆಯರ ಕಥೆ, ನಿನ್ನ ಟೈಲರ್‌ಗಳದ್ದಲ್ಲ. ಆದರೂ ಓದು. ಹೊತ್ತುಗೊತ್ತು ನೋಡದೆ ದುಡಿಯೋರಿಗೇ ಹೆಚ್ಚು ದುಡ್ಡು ಸಿಗೋ ಕಡೆ, ಮಗು ಆದಮೇಲೆ ತಾಯಿಯ ಸಂಬಳ ಹೇಗೆ ಹಿಂದೆ ಬೀಳುತ್ತೆ ಅಂತ ತೋರಿಸ್ತಾರೆ. ನಿಮ್ಮಲ್ಲಿ ಸೂಪರ್‌ವೈಸರ್ ಆಗೋಕೆ ರಾತ್ರಿ ಎಂಟರವರೆಗೆ ನಿಲ್ಲಬೇಕಂತಲ್ಲ, ಅದನ್ನ ನೆನಪಿಟ್ಟುಕೊಂಡು ಓದು.

ಪ್ಲಾನ್ ಮಾಡೋಕೆ ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಸಂಬಳದ ರಿಜಿಸ್ಟರ್ ಮುಂದಿಟ್ಟುಕೊಂಡು ಒಂದು ಎಕ್ಸೆಲ್ ಶೀಟ್ ಮಾಡು. ಹೆಲ್ಪರ್, ಟೈಲರ್, ಸೂಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್, ಮ್ಯಾನೇಜರ್, ಹೀಗೆ ಒಂದೊಂದು ಸಾಲು. ಪ್ರತಿ ಸಾಲಲ್ಲೂ ಹೆಂಗಸರೆಷ್ಟು, ಗಂಡಸರೆಷ್ಟು, ವರ್ಷದಲ್ಲಿ ಎಷ್ಟು ಜನ ಮೇಲೆ ಹೋದರು, ಎಷ್ಟು ಜನ ಬಿಟ್ಟರು, ಹೆರಿಗೆ ರಜೆ ಮುಗಿಸಿ ಎಷ್ಟು ಜನ ವಾಪಸ್ ಬಂದರು. ಎಲ್ಲಿ ಹೆಂಗಸರ ಲೆಕ್ಕ ದಿಢೀರ್ ಕುಸಿಯುತ್ತೋ ಅಲ್ಲಿಗೆ ಮೊದಲು ಕೈ ಹಾಕು. ಪಕ್ಕದಲ್ಲಿ ಯಾರ ಹೊಣೆ, ಯಾವ ತಾರೀಖಿನೊಳಗೆ ಅಂತ ಬರಿ. ಎಚ್‌ಆರ್ ಹುಡುಗಿಯ ಹೆಸರು ಬರೆದು ಕೈತೊಳೆದುಕೋಬೇಡ. ಪ್ರೊಡಕ್ಷನ್ ಮ್ಯಾನೇಜರ್ ಹೆಸರು ಬರಿ, ಬಡ್ತಿಗೆ ಹೆಸರು ಸೂಚಿಸೋನು ಅವನೇ ತಾನೆ?

50 ಅಥವಾ ಹೆಚ್ಚು ಜನ ಇರೋ ಕಡೆ ಕ್ರೆಶ್, ಅಂದ್ರೆ ಕೆಲಸದ ಹೊತ್ತಲ್ಲಿ ಮಕ್ಕಳನ್ನ ನೋಡಿಕೊಳ್ಳೋ ಜಾಗ, ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗು ನೋಡಬಹುದು ಅಂತ 2017ರಲ್ಲೇ ಕಾನೂನು ಬಂದಿದೆ. ಕೇಳಿದರೆ ಎಲ್ಲರೂ ‘ಇದೆ ಸಾರ್’ ಅಂತಾರೆ. ಹೇಳದೆ ಕೇಳದೆ ಒಂದು ಮಧ್ಯಾಹ್ನ ಹೋಗಿ ನೋಡು, ತೊಟ್ಟಿಲಲ್ಲಿ ಮಗು ಇದೆಯೋ ಬಟ್ಟೆ ಬಂಡಲ್ ಇದೆಯೋ ಅಂತ. ಎದ್ದು ಹೋದ ತಾಯಿಯ ಮಷಿನ್‌ಗೆ ಆ ಹೊತ್ತು ಯಾರು ಕೂರ್ತಾರೆ ಅಂತಲೂ ಕೇಳು. ಬದಲಿ ಟೈಲರ್ ಇಲ್ಲದಿದ್ದರೆ ಟಾರ್ಗೆಟ್ ಭಯಕ್ಕೆ ಯಾರೂ ಏಳೋದೇ ಇಲ್ಲ.

ಶೀಟ್ ಆದಮೇಲೆ ಹೆಸರುಗಳನ್ನ ತೆಗೆದು ನನಗೆ ಕಳಿಸು, ಕೂತು ನೋಡ್ತೀನಿ.

ನಿನ್ನ ಅತ್ತೆ