ಹನಿ ಕಟ್ಟಿದ್ದನ್ನು ಕಂಡೂ ಮುಂದುವರಿದವನ ಕೃತಜ್ಞತೆ

2024ರ ಆಗಸ್ಟ್ 1ರ ನಸುಕಿನಲ್ಲಿ, ಮೀನುಗಾರಿಕೆಯ 61 ದಿನಗಳ ನಿಷೇಧ ಮುಗಿಯುತ್ತಲೇ, 42 ಅಡಿ ಉದ್ದದ ಮರದ ಟ್ರಾಲ್ ಬೋಟೊಂದು ಹೊನ್ನಾವರದ ನಮ್ಮ ಶೆಡ್ಡನ್ನು ದಾಟಿ ಶರಾವತಿಯ ಅಳಿವೆಯತ್ತ ಹೋಯಿತು. ಆ ಬೋಟಿನ ಮಾಲೀಕರಿಗೆ ನಾನು ಕೊಡಬೇಕಿದ್ದ ಹಣದ ಕೊನೆಯ ಕಂತನ್ನು ಹಿಂದಿನ ಸಂಜೆಯಷ್ಟೇ ಅವರ ಮನೆಗೆ ತಲುಪಿಸಿ ಬಂದಿದ್ದೆ. ಅದನ್ನು ತೀರಿಸಲು ಐದು ವರ್ಷ ಬೇಕಾಯಿತು. ಹಣದ ಲೆಕ್ಕ ಅಲ್ಲಿಗೆ ಮುಗಿದರೂ ಈ ಐದು ವರ್ಷಗಳಲ್ಲಿ ನನ್ನನ್ನು ಕೈಹಿಡಿದು ನಿಲ್ಲಿಸಿದವರ ಋಣ ಹಾಗೆಯೇ ಉಳಿದಿದೆ. ಅದನ್ನು ಎಲ್ಲರೆದುರು ಹೇಳಬೇಕಾದರೆ ನಾನು ಮಾಡಿದ ತಪ್ಪನ್ನೂ ಎಲ್ಲರೆದುರು ಹೇಳಲೇಬೇಕು.

ನಾನು ಇಪ್ಪತ್ತೆರಡು ವರ್ಷಗಳಿಂದ ಮರದ ಬೋಟುಗಳ ಹಲಗೆ ಬದಲಿಸುವ ಮತ್ತು ಅವುಗಳಿಗೆ ಫೈಬರ್ ಹೊದಿಸುವ ಕೆಲಸ ಮಾಡುತ್ತಿದ್ದೇನೆ. ಹಿಂದೆ ಹೆಬ್ಬಲಸಿನ ಹಲಗೆಗಳ ಸಂದಿಗೆ ಹತ್ತಿ ತುಂಬಿ, ಗೇರೆಣ್ಣೆಯನ್ನೋ ಹೊನ್ನೆಣ್ಣೆಯನ್ನೋ ಬಳಿದು ನೀರಿಗಿಳಿಸುತ್ತಿದ್ದ ಬೋಟುಗಳಿಗೆ ಈಗ ಹೊರಮೈಯಲ್ಲಿ ಗಾಜಿನ ನಾರಿನ ಮ್ಯಾಟನ್ನು ರೆಸಿನ್ ಎಂಬ, ಆಮೇಲೆ ಗಟ್ಟಿಯಾಗುವ ಅಂಟುದ್ರವದಲ್ಲಿ ಅದ್ದಿ ಪದರ ಪದರವಾಗಿ ಹೊದಿಸುತ್ತೇವೆ. ಒಳ್ಳೆಯ ಹೊದಿಕೆ ಮರ ಕೊರೆಯುವ ಹುಳುವನ್ನೂ ನೀರನ್ನೂ ವರ್ಷಗಟ್ಟಲೆ ದೂರವಿಡುತ್ತದೆ. ಆದರೆ ಅದಕ್ಕೊಂದು ಕಟ್ಟುನಿಟ್ಟಾದ ನಿಯಮವಿದೆ, ಒಳಗಿನ ಮರ ಒಣಗಿರಬೇಕು. ತೇವ ಉಳಿದ ಮರದ ಮೇಲೆ ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗಿ ಕುಳಿತಂತೆ ಕಾಣುತ್ತದೆಯೇ ಹೊರತು ಮರದ ನಾರಿಗೆ ಇಳಿದು ಹಿಡಿಯುವುದಿಲ್ಲ. ಬೋಟುಗಳು ದಡಕ್ಕೆ ಬರುವುದು ಮಾತ್ರ ಜೂನ್ ಮತ್ತು ಜುಲೈ ತಿಂಗಳಲ್ಲಿ, ಅಂದರೆ ನಮ್ಮ ಕರಾವಳಿಯಲ್ಲಿ ಗಾಳಿಯೇ ಒದ್ದೆಯಾಗಿರುವ ಕಾಲದಲ್ಲಿ. ಈ ವೃತ್ತಿಯ ಕಷ್ಟವೆಲ್ಲ ಇಲ್ಲಿದೆ, ನನ್ನ ತಪ್ಪೂ ಇಲ್ಲಿಯೇ ಆಯಿತು.

2019ರಲ್ಲಿ ಮುಂಗಾರು ಕೇರಳ ತಲುಪಿದ್ದೇ ಜೂನ್ 8ಕ್ಕೆ. ಒಣ ದಿನಗಳು ಸಿಕ್ಕಿವೆ ಎಂಬ ಧೈರ್ಯದಲ್ಲಿ, ನಾಲ್ಕು ಬೋಟುಗಳಿಗೆ ಜಾಗವಿದ್ದ ಶೆಡ್ಡಿಗೆ ನಾನು ಏಳು ಬೋಟುಗಳನ್ನು ಒಪ್ಪಿಕೊಂಡೆ. ಈ ಬೋಟಿನ ಸರದಿ ಬಂದಾಗ ಜುಲೈ 8 ಆಗಿತ್ತು ಮತ್ತು ಅದಕ್ಕೆ ಸಿಕ್ಕಿದ್ದು ಟಾರ್ಪಾಲಿನ ಮಾಡು ಮಾತ್ರ. ಅಡಿಮರದ ಎರಡೂ ಬದಿಯ ಹಲಗೆಗಳನ್ನು ಬದಲಿಸಿ, ಹಳೆಯ ಹಲಗೆಗಳನ್ನು ಕೆರೆದು ಸಜ್ಜುಗೊಳಿಸುವ ಹೊತ್ತಿಗೆ ಜುಲೈ 19ರ ರಾತ್ರಿಯಾಯಿತು. ನನಗೆ ಕೆಲಸ ಕಲಿಸಿದ ಮೇಸ್ತ್ರಿಗಳು ಒಂದು ಪರೀಕ್ಷೆ ಹೇಳಿಕೊಟ್ಟಿದ್ದರು: ಒಂದು ಮೊಳ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮರದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ರಾತ್ರಿ ಬಿಡಬೇಕು, ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಆ ದಿನ ರೆಸಿನ್ ಡಬ್ಬಿಯ ಮುಚ್ಚಳ ತೆಗೆಯಬಾರದು. ನಾನು ಆ ರಾತ್ರಿ ಹಾಳೆ ಅಂಟಿಸಿದ್ದೆ. ಬೆಳಿಗ್ಗೆ ಅದನ್ನು ಮೊದಲು ನೋಡಿದ ನನ್ನ ಸಹಾಯಕ, ಆಗ ಹತ್ತೊಂಬತ್ತರ ಹುಡುಗ, "ಒಳಗೆ ಹನಿ ಕೂತಿದೆ, ಅಣ್ಣ" ಎಂದ. ನಾನೂ ನೋಡಿದೆ. ಹನಿಗಳು ಸಾಸಿವೆ ಕಾಳಿನಷ್ಟು ದಪ್ಪಗಿದ್ದವು.

ನಿಷೇಧ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಎರಡು ರಾತ್ರಿ ಹ್ಯಾಲೊಜನ್ ದೀಪಗಳನ್ನು ಹಚ್ಚಿಟ್ಟು ಮರದ ಮೇಲ್ಮೈಯನ್ನು ಬೆಚ್ಚಗೆ ಮಾಡಿದೆ. ಅಂಗೈ ಒತ್ತಿ ನೋಡಿದಾಗ ಒಣಗಿದೆ ಎನಿಸಿತು, ಅಥವಾ ಹಾಗೆ ಅನ್ನಿಸಲಿ ಎಂದೇ ಒತ್ತಿ ನೋಡಿದೆ. ಮತ್ತೊಮ್ಮೆ ಹಾಳೆ ಅಂಟಿಸಲಿಲ್ಲ. ಅಂಟಿಸಿದ್ದರೆ ಏನು ಕಾಣುತ್ತದೆಂದು ನನಗೆ ಗೊತ್ತಿತ್ತು. ಅರ್ಧ ಇಂಚು ಒಳಗಿನ ತೇವಕ್ಕೆ ಮೇಲಿನ ದೀಪ ತಾಗುವುದಿಲ್ಲ ಎಂಬುದನ್ನು ನನ್ನ ಹುಡುಗರಿಗೆ ನಾನೇ ಎಷ್ಟೋ ಸಲ ಹೇಳಿದ್ದೆ. ಮೂರು ಪದರ ಹೊದಿಸಿ, ಉಜ್ಜಿ, ಬಣ್ಣ ಬಳಿದು ಜುಲೈ 30ರಂದು ಬೋಟನ್ನು ನೀರಿಗಿಳಿಸಿದಾಗ ಅದರ ಹೊಳಪು ನೋಡಿ ಮಾಲೀಕರು ಹುಡುಗರಿಗೆಲ್ಲ ಇನಾಮು ಕೊಟ್ಟರು.

ಸೆಪ್ಟೆಂಬರ್ 12ರಂದು ಆ ಬೋಟ್ ಇಂಜಿನ್ ಕೋಣೆಯಲ್ಲಿ ಮೊಣಕಾಲುದ್ದ ನೀರು ತುಂಬಿಕೊಂಡು, ಎರಡು ಪಂಪುಗಳನ್ನು ಬಿಡದೆ ಓಡಿಸುತ್ತ ದಕ್ಕೆಗೆ, ಅಂದರೆ ಬೋಟುಗಳು ನಿಲ್ಲುವ ಕಟ್ಟೆಗೆ ಬಂತು. ಅದಕ್ಕೊಂದು ವಾರ ಮೊದಲು, ಇಳಿತದ ಹೊತ್ತಿನಲ್ಲಿ ಒಳಬರುವಾಗ ಅಳಿವೆಯ ಮರಳು ದಿಬ್ಬಕ್ಕೆ ಬೋಟಿನ ಅಡಿ ತಾಗಿತ್ತು. ನಮ್ಮ ಅಳಿವೆಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಆ ದಿಬ್ಬ ನಿನ್ನೆ ಇದ್ದಲ್ಲಿ ಇಂದು ಇರುವುದಿಲ್ಲ. ಆದರೂ ದಕ್ಕೆಯಲ್ಲಿದ್ದ ಎಲ್ಲರೂ ಬೋಟ್ ನಡೆಸುವ ತಾಂಡೇಲರ ಅಜಾಗರೂಕತೆಯಿಂದಲೇ ಹೀಗಾಯಿತು ಎಂದು ತೀರ್ಮಾನಿಸಿದರು. ಅವರ ಪಾಲಿನಿಂದ ಖರ್ಚು ಮುರಿದುಕೊಳ್ಳುವ ಮಾತೂ ಬಂತು. ಯಾರೋ ನನ್ನನ್ನು ಕೇಳಿದಾಗ ನಾನು "ಪೆಟ್ಟು ಬಿದ್ದಿರಬಹುದು" ಎಂದೆ. ಆ ಎರಡು ಪದಗಳನ್ನು ಇಂದಿಗೂ ಮರೆತಿಲ್ಲ.

ಮರುದಿನ ಬೆಳಿಗ್ಗೆ ಬೋಟನ್ನು ಮೇಲೆಳೆದು ಹೊದಿಕೆಯ ಒಡೆದ ಅಂಚನ್ನು ಹಿಡಿದು ಎಳೆದಾಗ, ಒಂದು ಮೊಳ ಉದ್ದದ ಫೈಬರ್ ತುಂಡು ಬಾಳೆಯ ಪಟ್ಟೆಯಂತೆ ಸಲೀಸಾಗಿ ಕಿತ್ತು ಬಂತು. ಪೆಟ್ಟಿನಿಂದ ಕಿತ್ತ ಹೊದಿಕೆಯ ಒಳಬದಿಯಲ್ಲಿ ಮರದ ನಾರುಗಳು ಹರಿದು ಅಂಟಿಕೊಂಡಿರುತ್ತವೆ. ಈ ತುಂಡಿನ ಒಳಬದಿ ನುಣ್ಣಗಿತ್ತು, ಒಂದು ಎಳೆ ನಾರೂ ಇರಲಿಲ್ಲ. ಅದು ಯಾವತ್ತೂ ಮರವನ್ನು ಹಿಡಿದುಕೊಂಡೇ ಇರಲಿಲ್ಲ. ಮರಳಿಗೆ ತಾಗಿದ್ದು ನಿಜವಾದರೂ, ಸರಿಯಾದ ಹೊದಿಕೆಯಾಗಿದ್ದರೆ ಅಷ್ಟು ಸಣ್ಣ ತಾಗುವಿಕೆಗೆ ಒಂದು ಗೀರು ಬೀಳುತ್ತಿತ್ತು, ಅಷ್ಟೇ. ಗೀರಿನಿಂದ ಒಳಹೊಕ್ಕ ನೀರು ಹೊದಿಕೆಗೂ ಮರಕ್ಕೂ ನಡುವೆ ಹರಿದಾಡಿ, ಅದೇ ತೇವದಿಂದಾಗಿ ಸರಿಯಾಗಿ ಕೂರದಿದ್ದ ಹಲಗೆಯ ಸಂದಿಯನ್ನು ಹುಡುಕಿಕೊಂಡಿತ್ತು. ನಾನು ಆ ತುಂಡನ್ನು ಗೋಣಿಯ ಕೆಳಗೆ ಮುಚ್ಚಿಟ್ಟೆ. ಅಂದು ಹಗಲೂ ರಾತ್ರಿಯೂ ಬಾಯಿ ಬಿಡಲಿಲ್ಲ.

ಆ ಸಂಜೆ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ತಾಂಡೇಲರ ಮನೆಯಲ್ಲಿ ಈ ತಿಂಗಳು ಏನು ಮಾಡುತ್ತಾರೆ?" ನಾನು ಉತ್ತರಿಸಲಿಲ್ಲ. ಸೆಪ್ಟೆಂಬರ್ 14ರ ಬೆಳಿಗ್ಗೆ ಆ ತುಂಡನ್ನು ಕೈಯಲ್ಲಿ ಹಿಡಿದು ಮಾಲೀಕರ ಮನೆಗೆ ಹೋದೆ. ಅದಕ್ಕಾಗಿ ಅವಳಿಗೆ ಮೊದಲ ಕೃತಜ್ಞತೆ. ನಂತರದ ವರ್ಷಗಳಲ್ಲಿ ಕಂತುಗಳ ಲೆಕ್ಕ ಬರೆದವಳೂ ಅವಳೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಬೋಟುಗಳೆಲ್ಲ ದಡದಲ್ಲಿ ನಿಂತಾಗ, ಕೇಳುವವರು ಬರುವ ಮೊದಲೇ ನಾವೇ ಹೋಗಿ ಎರಡು ಕಂತು ತಡವಾಗುತ್ತದೆಂದು ತಿಳಿಸಬೇಕು ಎಂದವಳೂ ಅವಳೇ.

ಬೋಟಿನ ಮಾಲೀಕರಿಗೆ ನಾನು ಹೇಳಬೇಕಾದದ್ದು ಬಹಳವಿದೆ. ಅವರು ಕೂಗಾಡಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ, ಅದಕ್ಕೂ ನಾನು ಕೃತಜ್ಞನಾಗಿದ್ದೇನೆ, ಏಕೆಂದರೆ ಆ ಕ್ಷಣದಲ್ಲಿ ಯಾರಾದರೂ "ಹೋಗಲಿ ಬಿಡು" ಎಂದಿದ್ದರೆ ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ. ಅವರು ಮೂರು ಪ್ರಶ್ನೆ ಕೇಳಿದರು. ಮರ ಒದ್ದೆಯಿದೆ ಎಂದು ಆಗಲೇ ಗೊತ್ತಿತ್ತೇ? ಗೊತ್ತಿತ್ತು ಎಂದೆ. ತಪ್ಪು ನಿನ್ನದೆಂದು ಯಾವಾಗ ತಿಳಿಯಿತು? ನಿನ್ನೆ ಬೆಳಿಗ್ಗೆ ಎಂದೆ. ಮೂರನೆಯದಕ್ಕೆ ನಾನು ಸಿದ್ಧನಿರಲಿಲ್ಲ: "ಅದೇ ಜುಲೈಯಲ್ಲಿ ಇನ್ನು ಯಾರ ಯಾರ ಬೋಟಿಗೆ ಹೊದಿಸಿದ್ದೀ?" ತಮ್ಮ ಬೋಟ್ ದಡದಲ್ಲಿ ಬಿದ್ದು, ಹಂಗಾಮಿನ ಅತ್ಯುತ್ತಮ ವಾರಗಳು ಕೈತಪ್ಪುತ್ತಿರುವಾಗಲೂ ಬೇರೆಯವರ ಬೋಟುಗಳನ್ನು ನೆನೆದ ಆ ಹಿರಿಯರ ಪ್ರಶ್ನೆಯೇ ಮುಂದೆ ನಾನು ಮಾಡಿದ ಎಲ್ಲದಕ್ಕೂ ಕಾರಣವಾಯಿತು. ದುರಸ್ತಿಯ ಸಂಪೂರ್ಣ ವೆಚ್ಚ ಮತ್ತು ಬೋಟಿನ ಕೆಲಸಗಾರರಾದ ಕಲಾಸಿಗಳಿಗೆ ಅವರು ಮೊದಲೇ ಕೊಟ್ಟಿದ್ದ ಮುಂಗಡದ ನಷ್ಟ ನನ್ನದೆಂದು ಒಪ್ಪಂದವಾಯಿತು. ಹಿಡಿಯದೆ ಹೋದ ಮೀನಿನ ಲೆಕ್ಕವನ್ನು ಅವರು ಕೇಳಲಿಲ್ಲ. ಅದನ್ನು ಕೇಳಿದ್ದರೆ ನನ್ನ ಶೆಡ್ ಇಂದು ಇರುತ್ತಿರಲಿಲ್ಲ.

ಅಲ್ಲಿಂದ ನೇರವಾಗಿ ದಕ್ಕೆಗೆ ಹೋದೆ. "ಪೆಟ್ಟು ಬಿದ್ದಿರಬಹುದು" ಎಂದು ಎಲ್ಲಿ ಹೇಳಿದ್ದೆನೋ ಅಲ್ಲಿಯೇ, ಕೇಳಿಸಿಕೊಂಡವರ ಎದುರಿನಲ್ಲಿಯೇ ಅದನ್ನು ಹಿಂತೆಗೆದುಕೊಳ್ಳುವುದು ನ್ಯಾಯವೆನಿಸಿತು. ತಾಂಡೇಲರು ತುಂಡನ್ನು ತಿರುಗಿಸಿ ನೋಡಿ, ಒಳಬದಿಯ ಮೇಲೆ ಬೆರಳಾಡಿಸಿ, ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹೇಳಿದ್ದಿಷ್ಟು: "ನಾನೇ ಮರಳಿಗೆ ಹತ್ತಿಸಿದೆ ಎಂದು ನನಗೇ ಅನ್ನಿಸತೊಡಗಿತ್ತು." ಮೂವತ್ತು ವರ್ಷ ಈ ಅಳಿವೆಯನ್ನು ದಾಟಿದ ಮನುಷ್ಯನೊಬ್ಬ ತನ್ನ ಕೈಯನ್ನೇ ನಂಬದಂತೆ ಮಾಡಿದ್ದೆನಲ್ಲ, ಒಡೆದ ಹಲಗೆಗಿಂತ ಅದು ದೊಡ್ಡ ಹಾನಿ ಎಂದು ಆಗ ತಿಳಿಯಿತು. ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ನಾನು ಕೇಳಿಲ್ಲ. ಆದರೆ ದುರಸ್ತಿಯ ದಿನಗಳಲ್ಲಿ ಪ್ರತಿ ಸಂಜೆ ಶೆಡ್ಡಿಗೆ ಬಂದು, ಹೊದಿಕೆ ಕಿತ್ತು ಹಾಕುವಾಗ ಗ್ರೈಂಡರಿನ ಧೂಳಿನಲ್ಲಿ ನಮ್ಮ ಜೊತೆಗೇ ನಿಂತರು. ಆರು ಮಂದಿ ಕಲಾಸಿಗಳಲ್ಲಿ ನಾಲ್ವರು, ಬೇರೆ ಬೋಟುಗಳಲ್ಲಿ ಕೆಲಸ ಸಿಗುವವರೆಗೆ ನಮ್ಮೊಡನೆ ಹಲಗೆ ಹೊತ್ತರು. ಅವರೆಲ್ಲರಿಗೂ ನನ್ನ ನಮಸ್ಕಾರ.

ಮರವನ್ನು ಸಿಹಿನೀರಿನಲ್ಲಿ ಮೂರು ಸಲ ತೊಳೆಯುವುದರಿಂದ ಆರಂಭಿಸಿ ಎಂದು ಹೇಳಿದವರು ನನ್ನ ಮೇಸ್ತ್ರಿಗಳು. ಒದ್ದೆ ಮರವನ್ನು ಒಣಗಿಸಲು ಮತ್ತೆ ನೀರು ಹಾಕುವುದು ನೋಡುವವರಿಗೆ ವಿಚಿತ್ರವೆನಿಸಬಹುದು, ಆದರೆ ಮರದಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಉಪ್ಪು ತೊಳೆದುಹೋಗದೆ ಮರ ಒಣಗುವುದಿಲ್ಲ. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಅವರು ಶೆಡ್ಡಿಗೆ ಬಂದು ಕುರ್ಚಿ ಹಾಕಿ ಕುಳಿತರು. ಹಾಳೆಯ ಪರೀಕ್ಷೆಯನ್ನು ಮೀರಿದ್ದಕ್ಕೆ ಬೈದರು, ಬೈದು ಮುಗಿಸಿ ಹೊಸ ಹಲಗೆಗಳನ್ನು ತಾವೇ ಒಂದೊಂದಾಗಿ ತಟ್ಟಿ ಆರಿಸಿದರು. ಆ ವರ್ಷ ಅಕ್ಟೋಬರ್ ತಿಂಗಳಲ್ಲೂ ಮಳೆ ಬಿಡಲಿಲ್ಲ. ಫ್ಯಾನುಗಳು ಹಗಲಿರುಳು ತಿರುಗಿದವು. ತಿಂಗಳ ಕೊನೆಯ ವಾರದಲ್ಲಿ, 2007ರ ಗೋನು ಚಂಡಮಾರುತದ ನಂತರ ಅರಬ್ಬೀ ಸಮುದ್ರ ಕಂಡ ಮೊದಲ ಸೂಪರ್ ಸೈಕ್ಲೋನ್ ಆದ ಕ್ಯಾರ್ ಎದ್ದು, ನಮ್ಮ ಕಡಲೆಲ್ಲ ಕದಡಿ ದೂರದ ಬೋಟುಗಳು ಸಿಕ್ಕ ಬಂದರುಗಳಿಗೆ ಓಡಿ ಬಂದವು. ಆ ರಾತ್ರಿಗಳಲ್ಲಿ ಈ ಬೋಟ್ ನಮ್ಮ ಶೆಡ್ಡಿನ ದಿಮ್ಮಿಗಳ ಮೇಲೆ ಬರಿಮೈಯಲ್ಲಿ ಕುಳಿತಿತ್ತು. ಸೆಪ್ಟೆಂಬರ್‌ನಲ್ಲಿ ನಾನು ಬಾಯಿ ಬಿಡದೆ, ಒಡೆದಷ್ಟು ಜಾಗಕ್ಕೆ ಮಾತ್ರ ತೇಪೆ ಹಾಕಿ ಕಳುಹಿಸಿದ್ದರೆ, ಉಳಿದ ಹೊದಿಕೆಯೊಳಗೆ ನೀರು ನುಗ್ಗುವಾಗ ಏಳು ಜನ ಎಲ್ಲಿರುತ್ತಿದ್ದರೆಂದು ಗಾಳಿಯ ಸದ್ದು ಕೇಳುತ್ತ ಯೋಚಿಸಿದ್ದೇನೆ. ಅದರ ಹಿಂದಿನ ಡಿಸೆಂಬರ್‌ನಲ್ಲಷ್ಟೇ ಮಲ್ಪೆಯಿಂದ ಹೊರಟ ಬೋಟೊಂದು ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾಗಿತ್ತು. ಕರಾವಳಿಯ ಮನೆಗಳಲ್ಲಿ ಆ ಸಂಕಟ ಇನ್ನೂ ಹಸಿಯಾಗಿತ್ತು. ತೇವ ಅಳೆಯುವ ಮೀಟರ್ ಶೇಕಡಾ 14 ತೋರಿಸಿದ ಮೇಲೆಯೇ ಮೊದಲ ಪದರ ಹಾಕಿದೆವು, ಅದೂ ಮರವನ್ನು ಚೆನ್ನಾಗಿ ಹಿಡಿಯುವ ಎಪಾಕ್ಸಿ ರೆಸಿನ್‌ನಲ್ಲಿ. ಅದರ ಬೆಲೆ ಹೆಚ್ಚು. ಆರು ತಿಂಗಳ ಸಾಲದ ಮೇಲೆ ಅದನ್ನು ಒದಗಿಸಿದ ಮಂಗಳೂರಿನ ವ್ಯಾಪಾರಿಗಳನ್ನು ನಾನು ಮರೆಯುವಂತಿಲ್ಲ.

ಇನ್ನು ಆ ಮೂರನೆಯ ಪ್ರಶ್ನೆ. ಅದೇ ಜುಲೈಯಲ್ಲಿ ಟಾರ್ಪಾಲಿನ ಕೆಳಗೆ ಹೊದಿಸಿದ ಬೋಟುಗಳು ಇನ್ನೂ ಎರಡಿದ್ದವು. ಅವುಗಳಲ್ಲಿ ಆವರೆಗೆ ಯಾವ ತೊಂದರೆಯೂ ಕಂಡಿರಲಿಲ್ಲ. ಎರಡೂ ಮಾಲೀಕರಿಗೆ ವಿಷಯ ತಿಳಿಸಿ, ನನ್ನ ಖರ್ಚಿನಲ್ಲಿ ಬೋಟ್ ಮೇಲೆಳೆದು ನೋಡುತ್ತೇನೆ ಎಂದೆ. ಒಂದರ ಹೊದಿಕೆ ಗಟ್ಟಿಯಾಗಿತ್ತು, ಇನ್ನೊಂದರಲ್ಲಿ ಹಿಂಭಾಗದ ಎರಡು ಕಡೆ ಪೊಳ್ಳು ಸದ್ದು ಬಂದು ತೆಗೆದು ಹಾಕಬೇಕಾಯಿತು. ಆ ಎರಡನೆಯ ಬೋಟಿನ ಮಾಲೀಕರು ಕೆಲಸ ಮುಗಿದ ಮೇಲೆ ಮತ್ತೆ ನನ್ನ ಶೆಡ್ಡಿಗೆ ಬಂದಿಲ್ಲ. ಅವರ ನಿರ್ಧಾರ ಸರಿಯಾದದ್ದೇ. ಆದರೂ ಅವರು ದಕ್ಕೆಯಲ್ಲಿ ನನ್ನ ಬಗ್ಗೆ ಹೇಳುವಾಗ, ತಪ್ಪು ಮಾಡಿದ್ದನ್ನೂ ತಾನಾಗಿಯೇ ಬಂದು ಹೇಳಿದ್ದನ್ನೂ ಎರಡನ್ನೂ ಸೇರಿಸಿ ಹೇಳುತ್ತಾರೆಂದು ಕೇಳಿದ್ದೇನೆ. ಅವರಿಗೂ ನನ್ನ ಕೃತಜ್ಞತೆ ಸಲ್ಲಬೇಕು.

"ಹನಿ ಕೂತಿದೆ" ಎಂದ ಹುಡುಗನಿಗೆ ನಾನು ಆ ಬೆಳಿಗ್ಗೆ "ನಿನ್ನ ಕೆಲಸ ನೋಡು" ಎಂದಿದ್ದೆ. ಅದಕ್ಕೆ ಅವನಲ್ಲಿ ಕ್ಷಮೆ ಕೇಳಲು ನಾನು ತೆಗೆದುಕೊಂಡ ಕಾಲ ಮಾಲೀಕರಲ್ಲಿ ಕೇಳಲು ತೆಗೆದುಕೊಂಡದ್ದಕ್ಕಿಂತ ಹೆಚ್ಚು, ಸುಮಾರು ಒಂದು ತಿಂಗಳು. ಈಗ ನಮ್ಮ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸುವವನೂ ಬೆಳಿಗ್ಗೆ ಅದನ್ನು ತೆಗೆದು ನೋಡುವವನೂ ಅವನೇ. ಅವನು ನೋಟ್‌ಬುಕ್ಕಿನಲ್ಲಿ ದಿನಾಂಕ, ಮೀಟರ್ ತೋರಿಸಿದ ಅಂಕಿ, ತನ್ನ ಸಹಿ ಹಾಕದೆ ನಾನು ರೆಸಿನ್ ಕಲಸುವಂತಿಲ್ಲ. ಈ ಐದು ಮಳೆಗಾಲಗಳಲ್ಲಿ ಅವನು ಹನ್ನೆರಡು ಸಲ ಕೆಲಸ ನಿಲ್ಲಿಸಿದ್ದಾನೆ. ಶೆಡ್ಡಿಗೆ ನಾಲ್ಕಕ್ಕಿಂತ ಹೆಚ್ಚು ಬೋಟುಗಳನ್ನು ಒಪ್ಪಿಕೊಳ್ಳುವುದನ್ನೂ ನಿಲ್ಲಿಸಿದ್ದೇವೆ. ತಡವಾಗುತ್ತದೆಂದು ಹೇಳಿದಾಗ ಕಾದು ನಿಂತ ಮಾಲೀಕರು ಹಲವರಿದ್ದಾರೆ. ಆಗಸ್ಟ್ ಮೊದಲ ವಾರದ ಸಿಗಡಿಯನ್ನು ಬಿಟ್ಟು ಕಾಯುವುದೆಂದರೇನು ಎಂಬುದು ನನಗೆ ಗೊತ್ತು. ನಿಮ್ಮೆಲ್ಲರ ಆ ತಾಳ್ಮೆಗೆ ನಾನು ತಲೆಬಾಗುತ್ತೇನೆ.

2019 ಮತ್ತು ಅದಕ್ಕಿಂತ ಹಿಂದಿನ ಮಳೆಗಾಲಗಳಲ್ಲಿ ನನ್ನಿಂದ ಫೈಬರ್ ಹೊದಿಸಿಕೊಂಡ ಬೋಟುಗಳ ಮಾಲೀಕರಲ್ಲಿ ಒಂದು ವಿನಂತಿಯಿದೆ. ಮುಂದಿನ ಸಲ ಬೋಟನ್ನು ದಡಕ್ಕೆ ತಂದಾಗ, ಅಡಿಮರದ ಎರಡೂ ಬದಿಯನ್ನು ಒಂದು ನಾಣ್ಯದಿಂದ ಅಡಿ ಅಡಿಗೂ ತಟ್ಟಿ ನೋಡಿ. ಗಟ್ಟಿ ಹಿಡಿದ ಜಾಗದಲ್ಲಿ ಸದ್ದು ಚುರುಕಾಗಿರುತ್ತದೆ, ಬಿಟ್ಟ ಜಾಗದಲ್ಲಿ ಒಣ ತೆಂಗಿನಕಾಯಿ ತಟ್ಟಿದಂತೆ ಪೊಳ್ಳಾಗಿ ಕೇಳುತ್ತದೆ. ಅಂಥ ಸದ್ದು ಕೇಳಿದರೆ ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ ನನ್ನನ್ನು ಕರೆಯಿರಿ. ನಾನೂ ನನ್ನ ಸಹಾಯಕನೂ ಗ್ರೈಂಡರ್ ಹಿಡಿದು ಬರುತ್ತೇವೆ. ಕಾರಣ ನನ್ನ ಕೆಲಸವೇ ಆಗಿದ್ದರೆ ಅದರ ಖರ್ಚು ನನ್ನದು.