ಸೂರಿನ ಗಾಳಿದಾರಿ ನೋಡದೆ ಇನ್ನು ಶಿಂಗಲ್ ಹೊದಿಸುವುದಿಲ್ಲ

ಆತ್ಮೀಯ ಗ್ರಾಹಕರೆ,

ನಮಸ್ಕಾರ. ಅಮೆರಿಕದ ಮಿನೆಸೋಟಾದ ಮಿನಿಯಾಪೊಲಿಸ್, ಸೇಂಟ್ ಪಾಲ್ ಸುತ್ತಮುತ್ತ ನಮ್ಮಿಂದ ರೂಫ್ ಕೆಲಸ ಮಾಡಿಸಿಕೊಂಡ ಕನ್ನಡದ ಮನೆಗಳಿಗೆಲ್ಲ ಈ ಪತ್ರ. ಸೆಪ್ಟೆಂಬರ್ 1ರಿಂದ ನಮ್ಮ ಕೆಲಸದಲ್ಲಿ ಎರಡು ಬದಲಾವಣೆ ಆಗುತ್ತಿವೆ. ಆಟಿಕ್ (ಸೀಲಿಂಗ್‌ಗೂ ಚಾವಣಿಗೂ ನಡುವಿನ ಜಾಗ) ಹತ್ತಿ, ಸೂರಿನಿಂದ, ಅಂದರೆ ಗೋಡೆ ದಾಟಿ ಹೊರಚಾಚಿದ ಚಾವಣಿಯ ಅಂಚಿನಿಂದ, ಒಳಗೆ ಗಾಳಿ ಬರಲು ದಾರಿ ತೆರೆದಿದೆಯೇ ಎಂದು ನೋಡದೆ ಹೊಸ ಶಿಂಗಲ್ ಹೊದಿಸುವ ಕೆಲಸವನ್ನು ಇನ್ನು ಒಪ್ಪಿಕೊಳ್ಳುವುದಿಲ್ಲ. ಐಸ್ ಡ್ಯಾಮ್, ಅಂದರೆ ಸೂರಿನಲ್ಲಿ ಗಟ್ಟುವ ಐಸ್ ಒಡ್ಡಿನ, ಕಾಟಕ್ಕೆಂದು ಸೂರಿನ ಅಂಚಿಗೆ ಕರೆಂಟಿನಿಂದ ಬಿಸಿಯಾಗುವ ಹೀಟ್ ಕೇಬಲ್ ಎಳೆದುಕೊಡುವುದನ್ನೂ ನಿಲ್ಲಿಸುತ್ತಿದ್ದೇವೆ. ಕೆಲವರ ಎಸ್ಟಿಮೇಟ್ ಇದರಿಂದ ಏರುತ್ತದೆ. ಹಾಗಾಗಿ ಕಾರಣವನ್ನು ಬಿಡಿಸಿ ಹೇಳಬೇಕು.

ಸೂರಿನಲ್ಲಿ ಐಸ್ ಗಟ್ಟಬೇಕಾದರೆ ಹೊರಗೆ ಚಳಿಯೂ ಬೇಕು, ಆಟಿಕ್‌ನಲ್ಲಿ ಬಿಸಿಯೂ ಬೇಕು. ಸೀಲಿಂಗ್‌ನ ಸಂದುಗಳಿಂದ ಮೇಲೆ ಸೋರಿದ ಬೆಚ್ಚನೆ ಗಾಳಿ ಚಾವಣಿಯ ಹಲಗೆಯನ್ನು ಕಾಯಿಸುತ್ತದೆ. ಮೇಲೆ ಬಿದ್ದ ಹಿಮವೂ ಒಂದು ಬಗೆಯ ಇನ್ಸುಲೇಶನ್ನೇ. ಒಂದು ಇಂಚು ಹಿಮ ಸುಮಾರು ಆರ್-1ರಷ್ಟು (ಆರ್ ಎಂದರೆ ಶಾಖ ತಡೆಯುವ ಶಕ್ತಿಯ ಅಳತೆ) ಶಾಖ ತಡೆಯುತ್ತದೆ. ಅಡಿ ಎತ್ತರ ಹಿಮ ಬಿದ್ದಾಗ ಹೊರಗೆ ಕೊರೆಯುವ ಚಳಿಯಿದ್ದರೂ ತಳದ ಪದರ ಕರಗತೊಡಗುತ್ತದೆ. ಆ ನೀರು ಶಿಂಗಲ್ ಮೇಲೆ ಇಳಿದು ಗೋಡೆ ದಾಟಿ ಸೂರಿಗೆ ಬರುತ್ತದೆ. ಸೂರಿನ ಕೆಳಗೆ ಮನೆಯಿಲ್ಲ, ಬಿಸಿಯಿಲ್ಲ. ನೀರು ಅಲ್ಲೇ ಹೆಪ್ಪುಗಟ್ಟುತ್ತದೆ. ಹೀಗೆ ದಿನದಿನಕ್ಕೂ ದಪ್ಪವಾಗುವ ಒಡ್ಡಿನ ಹಿಂದೆ ಮೇಲಿಂದ ಬಂದ ನೀರು ನಿಲ್ಲುತ್ತದೆ. ಇಳಿದು ಹೋಗುವ ನೀರನ್ನು ಶಿಂಗಲ್ ವರ್ಷಗಟ್ಟಲೆ ತಾಳುತ್ತದೆ, ನಿಂತ ನೀರನ್ನು ತಾಳುವುದಿಲ್ಲ. ಕಿಟಕಿಯ ಮೇಲೆ ಕಂದು ಕಲೆ ಕಾಣಿಸುವಷ್ಟರಲ್ಲಿ ಗೋಡೆಯ ಒಳಗಿನ ಇನ್ಸುಲೇಶನ್ ಒದ್ದೆಯಾಗಿರುತ್ತದೆ.

ಮಲೆನಾಡಿನ ಹೆಂಚಿನ ಮನೆಯಲ್ಲಿ ಬೆಳೆದವರು ನಿಮ್ಮಲ್ಲಿ ಹಲವರಿದ್ದೀರಿ. ಅಲ್ಲಿ ಒಲೆಯ ಹೊಗೆ, ಬಚ್ಚಲಿನ ಹಬೆ ಹೆಂಚಿನ ಸಂದಿನಿಂದ ತಾನಾಗಿಯೇ ಹೊರಗೆ ಹೋಗುತ್ತಿತ್ತು. ಇಲ್ಲಿಯ ಚಾವಣಿಯಲ್ಲಿ ಪ್ಲೈವುಡ್, ಅದರ ಮೇಲೆ ಹಾಳೆ, ಅದರ ಮೇಲೆ ಶಿಂಗಲ್. ಗಾಳಿಗೆ ನಾವೇ ದಾರಿ ಮಾಡಿಕೊಡಬೇಕು. ಸೂರಿನ ತಳದ ಮುಚ್ಚಿಗೆಯಲ್ಲಿರುವ ಗಾಳಿಕಿಂಡಿ, ಅಂದರೆ ಸಾಫಿಟ್ ವೆಂಟ್‌ನಿಂದ ತಣ್ಣನೆ ಗಾಳಿ ಒಳಗೆ ಬಂದು, ಹಲಗೆಯ ಅಡಿಯಲ್ಲೇ ಮೇಲೇರಿ, ನೆತ್ತಿಯ ರಿಜ್ ವೆಂಟ್‌ನಿಂದ ಹೊರಗೆ ಹೋದರೆ ಹಲಗೆ ತಂಪಾಗಿ ಉಳಿಯುತ್ತದೆ, ಹಿಮ ಹಿಮವಾಗಿಯೇ ಇರುತ್ತದೆ.

ಎಷ್ಟು ತಂಪಾಗಿರಬೇಕು ಎಂಬುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸೇನೆಗೆ ನ್ಯೂಹ್ಯಾಂಪ್‌ಶೈರ್‌ನ ಹ್ಯಾನೋವರ್‌ನಲ್ಲಿ ಶೀತಪ್ರದೇಶಗಳ ಸಂಶೋಧನಾಲಯವೊಂದಿದೆ. ಅಲ್ಲಿಯ ಎಂಜಿನಿಯರುಗಳು ನ್ಯೂಯಾರ್ಕ್ ರಾಜ್ಯದ ಫೋರ್ಟ್ ಡ್ರಮ್ ಸೇನಾನೆಲೆಯ ಕಟ್ಟಡಗಳನ್ನು ಅಭ್ಯಾಸ ಮಾಡಿ 1990ರ ದಶಕದಲ್ಲಿ ಒಂದು ಸರಳ ಅಳತೆ ಕೊಟ್ಟರು. ಹೊರಗೆ 22 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದು ಆಟಿಕ್ 30 ಡಿಗ್ರಿ ದಾಟಿದರೆ ತೊಂದರೆ ಕೊಡುವಷ್ಟು ಐಸ್ ಬೆಳೆಯುತ್ತದೆ. ಹೊರಗೆ 22 ಇದ್ದಾಗ ಆಟಿಕ್ 30ರ ಒಳಗೇ ಉಳಿಯುವಷ್ಟು ಗಾಳಿ ಆಡಬೇಕು. ಸೆಲ್ಸಿಯಸ್‌ನಲ್ಲಿ ಹೇಳುವುದಾದರೆ ಸುಮಾರು ಮೈನಸ್ 5.5 ಮತ್ತು ಮೈನಸ್ 1. ನಮ್ಮ ಕೆಲಸಕ್ಕೆ ಇದನ್ನೇ ಗುರಿಯಾಗಿ ಇಟ್ಟುಕೊಂಡಿದ್ದೇವೆ.

ಕೆಳಗೆ ನಿಂತು ನೋಡಿದರೆ ಇದು ತಿಳಿಯುವುದಿಲ್ಲ, ಅದಕ್ಕೇ ಒಳಗೆ ಹತ್ತುವ ಹಟ. ಕಣ್ಣಿಗೆ ಕಾಣುವುದು ಸಾಲು ಸಾಲು ತೂತಿರುವ ಬಿಳಿ ಅಲ್ಯೂಮಿನಿಯಂ ಸಾಫಿಟ್. ಒಂದು ಪಟ್ಟಿ ಬಿಚ್ಚಿದರೆ ಎಷ್ಟೋ ಹಳೆಯ ಮನೆಗಳಲ್ಲಿ ಅದರ ಹಿಂದೆ ಮೊದಲಿನ ಪ್ಲೈವುಡ್ ಹಾಗೇ ಇರುತ್ತದೆ, ಎಲ್ಲೂ ಕೊರೆದಿರುವುದಿಲ್ಲ. ಕೊರೆದಿದ್ದ ಕಡೆಯೂ, ಆಟಿಕ್‌ನಲ್ಲಿ ಮಂಡಿಯೂರಿ ಅಂಚಿನವರೆಗೆ ಹೋದರೆ, ಊದಿ ತುಂಬಿದ ಇನ್ಸುಲೇಶನ್ ಹಲಗೆಗೆ ಒತ್ತಿಕೊಂಡು ದಾರಿ ಮುಚ್ಚಿರುತ್ತದೆ. ಹಗಲಲ್ಲಿ ಟಾರ್ಚ್ ಆರಿಸಿದಾಗ ಆ ಅಂಚಿನಲ್ಲಿ ಬೆಳಕಿನ ಗೆರೆ ಕಾಣಬೇಕು. ಚಳಿಗಾಲದಲ್ಲಾದರೆ ಇನ್ನೊಂದು ಗುರುತಿದೆ: ಹಲಗೆಯಿಂದ ಒಳಕ್ಕೆ ಚಾಚಿದ ಮೊಳೆಗಳ ತುದಿಗೆ ಬಿಳಿ ಫ್ರಾಸ್ಟ್ ಹಿಡಿದಿರುತ್ತದೆ. ಮನೆಯ ತೇವ ಮೇಲೆ ಹತ್ತಿ ಹೊರಹೋಗಲಾರದೆ ನಿಂತಿದೆ ಎಂದು ಅದರ ಅರ್ಥ.

ಎಷ್ಟು ವೆಂಟ್ ಬೇಕು ಎಂಬುದಕ್ಕೆ ಕಟ್ಟಡ ನಿಯಮದಲ್ಲೇ ಲೆಕ್ಕವಿದೆ. ಆಟಿಕ್ ನೆಲದ 150ರಲ್ಲಿ ಒಂದು ಭಾಗದಷ್ಟು ತೆರವು ಬೇಕು. ಮೇಲೆ ಕೆಳಗೆ ಸರಿಯಾಗಿ ಹಂಚಿ, ನಿಯಮದ ಉಳಿದ ಷರತ್ತುಗಳನ್ನೂ ಪಾಲಿಸಿದರೆ 300ರಲ್ಲಿ ಒಂದು ಭಾಗ ಸಾಕು. 300ರ ಲೆಕ್ಕದಲ್ಲಿ 1,200 ಚದರ ಅಡಿಯ ಆಟಿಕ್‌ಗೆ 4 ಚದರ ಅಡಿ, ಅದರಲ್ಲಿ ಅರ್ಧ, ಅಂದರೆ 288 ಚದರ ಇಂಚು ಸೂರಿನಲ್ಲಿ. ಅಡಿಗೆ 9 ಚದರ ಇಂಚು ಕೊಡುವ ವೆಂಟ್ ಪಟ್ಟಿಯಾದರೆ ಎರಡೂ ಬದಿಯ ಸೂರಿಗೆ 16 ಅಡಿಯಂತೆ ಹಾಕಬೇಕು. ಪ್ರತಿ ವೆಂಟ್‌ನ ಮೇಲೂ ಬ್ಯಾಫಲ್ (ಗಾಳಿದಾರಿ ತೆರೆದಿಡುವ ತೆಳು ತಟ್ಟೆ) ಕೂರಿಸಿ, ಹಲಗೆಗೂ ಇನ್ಸುಲೇಶನ್‌ಗೂ ನಡುವೆ ಕನಿಷ್ಠ ಒಂದು ಇಂಚು ಬಿಡುತ್ತೇವೆ. ಸೂರಿನ ಪಾಲು ಮೇಲಿನದಕ್ಕಿಂತ ಕಡಿಮೆಯಾಗಕೂಡದು. ಕೆಳಗಿಂದ ಗಾಳಿ ಸಿಗದಿದ್ದರೆ ರಿಜ್ ವೆಂಟ್ ನಿಮ್ಮ ಮನೆಯೊಳಗಿನ ಬಿಸಿಗಾಳಿಯನ್ನೇ ಸೀಲಿಂಗ್ ಸಂದಿನಿಂದ ಎಳೆದುಕೊಳ್ಳುತ್ತದೆ. ಆಟಿಕ್‌ಗೆ ಕರೆಂಟಿನ ಫ್ಯಾನ್ ಹಾಕಿ ಎಂದು ಕೇಳಿದವರಿಗೆ ಬೇಡ ಎನ್ನುವುದೂ ಇದೇ ಕಾರಣಕ್ಕೆ.

ಇದೆಲ್ಲಕ್ಕೂ ಮೊದಲು ಸೀಲಿಂಗ್‌ನ ಸಂದು ಮುಚ್ಚಬೇಕು: ದೀಪದ ಡಬ್ಬಿಗಳು, ಪೈಪ್ ಹಾದುಹೋದ ತೂತು, ಆಟಿಕ್‌ನ ಬಾಗಿಲು. ಅದನ್ನು ಬಿಟ್ಟು ವೆಂಟ್ ಮಾತ್ರ ಹಾಕಿಸಿದರೆ ಅರ್ಧ ಕೆಲಸ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಇಡ್ಲಿ ಬೇಯುತ್ತದೆ, ರಾತ್ರಿ ಕುಕ್ಕರ್ ಕೂಗುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಹೀಟ್ ಕೂಡ ಎರಡು ಡಿಗ್ರಿ ಹೆಚ್ಚಿರುತ್ತದೆ. ಅದು ಹಾಗೇ ಇರಲಿ. ಅಡುಗೆಮನೆಯ, ಬಾತ್‌ರೂಮಿನ ಫ್ಯಾನ್‌ಗಳ ಕೊಳವೆ ಆಟಿಕ್‌ನಲ್ಲಿ ಕೊನೆಯಾಗದೆ ಮನೆಯ ಹೊರಗೆ ಹೋಗಿರಬೇಕು, ಅಷ್ಟೆ. ಅದನ್ನೂ ನೋಡಿಕೊಡುತ್ತೇವೆ.

ಹೀಟ್ ಕೇಬಲ್ ಚಳಿಗಾಲವಿಡೀ ಕರೆಂಟ್ ತಿಂದು ಐಸ್ ನಡುವೆ ಒಂದು ಕಾಲುವೆ ತೋಡುತ್ತದೆ. ಬಿಸಿ ಸೋರುವುದು ಸೋರುತ್ತಲೇ ಇರುತ್ತದೆ. ನಿಮ್ಮ ಹಣ ಅದರ ಬದಲು ಸೀಲಿಂಗ್‌ಗೆ ಹೋಗಲಿ ಎಂಬುದು ನಮ್ಮ ಆಸೆ.

ಎಲ್ಲ ಮನೆಗೂ ಈ ವಿಧಾನ ಒಗ್ಗುವುದಿಲ್ಲ. ಮಿನಿಯಾಪೊಲಿಸ್‌ನ ಹಳೆಯ ಒಂದೂವರೆ ಅಂತಸ್ತಿನ ಮನೆಗಳಲ್ಲಿ, ಚಾವಣಿಯ ಇಳಿಜಾರಿಗೇ ಹೊಂದಿಕೊಂಡ ವಾಲ್ಟೆಡ್ ಸೀಲಿಂಗ್ ಇರುವ ಕಡೆ ಗಾಳಿಗೆ ಜಾಗವೇ ಇರುವುದಿಲ್ಲ. ಅವಕ್ಕೆ ಬೇರೆ ಯೋಜನೆ ಕೊಡುತ್ತೇವೆ. ಆಟಿಕ್‌ನಲ್ಲಿ ಹೊಳೆಯುವ ಕಂದು ಬೂದು ಬಣ್ಣದ ಸಣ್ಣ ಹರಳುಗಳಂಥ ವರ್ಮಿಕ್ಯುಲೈಟ್ ಎಂಬ ಹಳೆಯ ಇನ್ಸುಲೇಶನ್ ಕಂಡರೆ ದಯವಿಟ್ಟು ಕೈಯಾಡಿಸಬೇಡಿ. 1990ರಲ್ಲಿ ಮುಚ್ಚಿದ ಮೊಂಟಾನಾದ ಲಿಬ್ಬಿ ಗಣಿಯಿಂದ ಬಂದದ್ದಾದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರಬಹುದು. ಅಂಥಲ್ಲಿ ಪರೀಕ್ಷೆ ಆಗುವವರೆಗೆ ನಾವೂ ಒಳಗೆ ಹೋಗುವುದಿಲ್ಲ.

ಆಟಿಕ್ ತಪಾಸಣೆಗೆ ಹಣ ತೆಗೆದುಕೊಳ್ಳುವುದಿಲ್ಲ. ಎಸ್ಟಿಮೇಟ್‌ನಲ್ಲಿ ಸೂರಿನ ಕೆಲಸವನ್ನು ಬೇರೆಯಾಗಿಯೇ ತೋರಿಸುತ್ತೇವೆ. ಈಗಾಗಲೇ ಸಹಿಯಾದ ಕೆಲಸಗಳು ಹಳೆಯ ದರದಲ್ಲೇ ಮುಗಿಯುತ್ತವೆ. ಚಳಿಗಾಲದಲ್ಲಿ ನೀರು ಸೋರಿದರೆ ಸ್ಟೀಮ್ ಹಾಕಿ ಐಸ್ ತೆಗೆಯಲು ಮೊದಲಿನಂತೆ ಬರುತ್ತೇವೆ. ದಯವಿಟ್ಟು ಸುತ್ತಿಗೆ, ಕೊಡಲಿ ಹಿಡಿದು ರೂಫ್ ಹತ್ತಬೇಡಿ. ಹಿಮ ಬಿದ್ದ ಕೂಡಲೇ ನೆಲದ ಮೇಲೆ ನಿಂತು ಉದ್ದ ಹಿಡಿಯ ರೂಫ್ ರೇಕ್‌ನಿಂದ ಸೂರಿನ ಮೂರು ನಾಲ್ಕು ಅಡಿಯ ಹಿಮ ಎಳೆದರೆ ತಕ್ಷಣದ ಕಾಟ ತಪ್ಪುತ್ತದೆ. ವಿದ್ಯುತ್ ತಂತಿ ಮಾತ್ರ ನೋಡಿಕೊಳ್ಳಿ.

ಕಳೆದ ಚಳಿಗಾಲದಲ್ಲಿ ಮನೆಯ ಫೋಟೊ ತೆಗೆದಿದ್ದರೆ ತಪಾಸಣೆಗೆ ಮೊದಲೇ ಕಳಿಸಿ. ಸೂರಿನ ಯಾವ ಭಾಗದಲ್ಲಿ ಐಸ್ ದಪ್ಪಗಿತ್ತು ಎಂದು ತಿಳಿದರೆ ಆಟಿಕ್‌ನಲ್ಲಿ ಅಲ್ಲಿಂದಲೇ ಹುಡುಕಲು ಶುರುಮಾಡುತ್ತೇವೆ.

ಇತಿ,
ನಿಮ್ಮ ರೂಫಿಂಗ್ ತಂಡ